ನಿಮ್ಮ ವಿಭಾಗದಲ್ಲಿ ಅವರಿಗೊಂದು ಜಾಗ

ಪ್ರೀತಿಯ ಗೆಳೆಯಾ,

ಮಕ್ಕಳ ಹಕ್ಕಿನ ಬಗ್ಗೆ ಕೆಲಸ ಮಾಡುವ ಪ್ಯಾಲೆಸ್ಟೀನಿನ ಸಂಶೋಧಕರೊಬ್ಬರಿಗೆ ಫೆಲೋಶಿಪ್ ಕೊಡುವ ಮಾತು ಬ್ರಿಟನ್ನಿನ ನಿಮ್ಮ ವಿಶ್ವವಿದ್ಯಾಲಯದ ವಿಭಾಗದಲ್ಲಿ ನಡೆದಿದೆ ಅಂತ ಬರೆದಿದ್ದೀಯ. ತುಂಬಾ ಖುಷಿಯಾಯಿತು. ಸಮಿತಿಯಲ್ಲಿ ಏನು ಹೇಳಲಿ ಅಂತ ಕೇಳಿದ್ದೀಯಲ್ಲ, ಅದಕ್ಕೇ ಈ ಪತ್ರ. ಬೇರೆಯವರಿಗೂ ಉಪಯೋಗವಾಗಲಿ ಎಂದು ಎಲ್ಲರ ಮುಂದೆ ಇಡುತ್ತಿದ್ದೇನೆ.

"ಅಲ್ಲಿಗೆ ಬೇಕಾಗಿರುವುದು ಅನ್ನ, ಔಷಧಿ. ಸಂಶೋಧನೆ ಯಾಕೆ?" ಎಂದು ಒಬ್ಬರು ಕೇಳಿದರಂತೆ. ಎರಡೂ ಬೇಕು ಅಂತ ಗಟ್ಟಿಯಾಗಿ ಹೇಳು. ಇಸ್ರೇಲಿ ಸೈನ್ಯದ ಹಿಡಿತದಲ್ಲಿರುವ ಪ್ಯಾಲೆಸ್ಟೀನಿನ ಭಾಗ ವೆಸ್ಟ್ ಬ್ಯಾಂಕಿನದೇ ಮಾತು ತೆಗೆದುಕೋ. ಅಲ್ಲಿ ಇಸ್ರೇಲಿಗಳು ಕಟ್ಟಿಕೊಂಡ ವಸತಿಯ ಹುಡುಗ ತಪ್ಪು ಮಾಡಿದರೆ ಅವನಿಗೆ ನಾಗರಿಕ ಕಾನೂನು. ಪಕ್ಕದ ಪ್ಯಾಲೆಸ್ಟೀನಿ ಹಳ್ಳಿಯ ಹುಡುಗನಿಗೆ ಮಿಲಿಟರಿ ಕೋರ್ಟು. 12 ವರ್ಷ ತುಂಬಿದ್ದರೆ ಸಾಕು. ಎಷ್ಟೋ ಸಲ ಸೈನಿಕರು ನಡುರಾತ್ರಿ ಬಂದು ಎಬ್ಬಿಸುತ್ತಾರೆ. ಕೈಕಟ್ಟಿ, ಕಣ್ಣಿಗೆ ಬಟ್ಟೆ ಕಟ್ಟಿ ಒಯ್ಯುತ್ತಾರೆ. ವಿಚಾರಣೆಯ ಹೊತ್ತಿಗೆ ಅಪ್ಪ ಅಮ್ಮನೂ ಇರುವುದಿಲ್ಲ, ವಕೀಲರೂ ಇರುವುದಿಲ್ಲ. ಕೊನೆಗೆ ಸಹಿ ಹಾಕು ಎಂದು ತಪ್ಪೊಪ್ಪಿಗೆಯ ಒಂದು ಕಾಗದ ಮುಂದಿಡುತ್ತಾರೆ. ಅದು ಹೀಬ್ರೂ ಭಾಷೆಯಲ್ಲಿ ಇರುತ್ತದೆ. ಹುಡುಗನಿಗೆ ಬರುವುದು ಅರಬಿ. ವಿಶ್ವಸಂಸ್ಥೆಯ ಮಕ್ಕಳ ಸಂಸ್ಥೆ ಯುನಿಸೆಫ್ 2013ರ ವರದಿಯಲ್ಲಿ ಇದನ್ನೆಲ್ಲ ಬರೆದಿದೆ.

ಅಂಥ ವರದಿ ಸುಮ್ನೆ ಹುಟ್ಟುವುದಿಲ್ಲ. ಬಿಡುಗಡೆಯಾಗಿ ಬಂದ ಮಕ್ಕಳ ಎದುರು ಕೂತು, ಒಂದೊಂದೇ ಮಾತು ಕೇಳಿ ಬರೆದುಕೊಂಡ ಅಲ್ಲಿಯದೇ ಜನ ಇದ್ದರು. ನಾನು ಇಲ್ಲಿ ಮಕ್ಕಳ ಗ್ರಾಮಸಭೆಗಳಿಗೆ ಓಡಾಡುವವನು. ಹೊರಗಿನಿಂದ ಬಂದವರ ಮುಂದೆ ಮಕ್ಕಳು ಬಾಯಿ ಬಿಡುವುದು ಎಷ್ಟು ಕಷ್ಟ ಅಂತ ನೋಡಿದ್ದೇನೆ. ಪ್ಯಾಲೆಸ್ಟೀನಿನಲ್ಲಿ ಈ ಕೆಲಸಕ್ಕೆ ಬೆಲೆಯೂ ತೆರಬೇಕು. 1991ರಿಂದ ಇಂಥ ಹೇಳಿಕೆಗಳನ್ನು ದಾಖಲಿಸುತ್ತಾ ಬಂದ, ಮಕ್ಕಳ ಹಕ್ಕಿನ ಸಂಸ್ಥೆ ಡಿಫೆನ್ಸ್ ಫಾರ್ ಚಿಲ್ಡ್ರನ್ ಇಂಟರ್‌ನ್ಯಾಷನಲ್‌ನ ಪ್ಯಾಲೆಸ್ಟೀನ್ ಶಾಖೆಯನ್ನು ಇಸ್ರೇಲ್ 2021ರ ಅಕ್ಟೋಬರ್‌ನಲ್ಲಿ ಭಯೋತ್ಪಾದಕ ಸಂಘಟನೆ ಎಂದು ಘೋಷಿಸಿತು. ವಿಶ್ವಸಂಸ್ಥೆಯ ತಜ್ಞರು ಅದನ್ನು ಖಂಡಿಸಿದರು.

ಗಾಜಾದ ವಿಷಯ ಬೇರೆಯೇ. ಅಲ್ಲಿನ ಜನರಲ್ಲಿ ಹೆಚ್ಚುಕಮ್ಮಿ ಅರ್ಧ ಮಕ್ಕಳು. 2023ರ ಅಕ್ಟೋಬರ್‌ನಲ್ಲಿ ಶುರುವಾದ ಯುದ್ಧದಲ್ಲಿ ಹೆತ್ತವರಿಲ್ಲದೆ, ಇಲ್ಲವೇ ಅವರಿಂದ ಬೇರೆಯಾಗಿ ಉಳಿದ ಮಕ್ಕಳು ಕನಿಷ್ಠ 17,000 ಇರಬಹುದು ಎಂದು ಯುನಿಸೆಫ್ 2024ರ ಫೆಬ್ರವರಿಯಲ್ಲೇ ಅಂದಾಜು ಮಾಡಿತ್ತು. ಈ ಮಕ್ಕಳನ್ನು ಸಾಕುವವರು ಯಾರು? ಸತ್ತ ಅಪ್ಪನ ಮನೆ, ಜಮೀನು ಮಗುವಿನ ಹೆಸರಿಗೆ ಬರುವುದು ಹೇಗೆ? ಜನನ ದಾಖಲೆಯೇ ಸುಟ್ಟುಹೋಗಿದ್ದರೆ? ಇಸ್ಲಾಮಿ ಕಾನೂನಿನಲ್ಲಿ ನಮ್ಮಲ್ಲಿರುವಂಥ ದತ್ತು ಇಲ್ಲ, ಕಫಾಲಾ ಇದೆ. ಮಗುವನ್ನು ಮನೆಗೆ ಕರೆದು ಸಾಕಬಹುದು, ಆದರೆ ಅದರ ವಂಶದ ಹೆಸರು ಹಾಗೇ ಉಳಿಯುತ್ತದೆ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 20ನೇ ವಿಧಿಯಲ್ಲಿ ಕಫಾಲಾವನ್ನು ಹೆಸರು ಹಿಡಿದೇ ಹೇಳಿದ್ದಾರೆ. ಪ್ಯಾಲೆಸ್ಟೀನ್ 2014ರಲ್ಲಿ ಆ ಒಡಂಬಡಿಕೆಗೆ ಸೇರಿತು. ಷರಿಯಾ ಕೋರ್ಟಿನ ನಡಾವಳಿಯನ್ನೂ ಒಡಂಬಡಿಕೆಯನ್ನೂ ಬಲ್ಲವರು ಕೂತು ಈ ಪ್ರಶ್ನೆಗಳನ್ನು ಬಿಡಿಸಬೇಕು. ಅಂಥವರು ಕಲಿಸುತ್ತಿದ್ದ ವಿಶ್ವವಿದ್ಯಾಲಯಗಳೇ ನೆಲಕಚ್ಚಿವೆ. 95 ಪ್ರಾಧ್ಯಾಪಕರು ಸತ್ತಿದ್ದಾರೆ ಎಂದು ವಿಶ್ವಸಂಸ್ಥೆಯ ತಜ್ಞರು 2024ರ ಏಪ್ರಿಲ್‌ನಲ್ಲಿ ಹೇಳಿದರು. ಆಮೇಲೂ ಸಾವು ನಿಲ್ಲಲಿಲ್ಲ.

ಈಗ ನನ್ನ ಮುಖ್ಯ ಮಾತು. ಫೆಲೋಶಿಪ್ ಅಂದರೆ ವಿಮಾನದ ಟಿಕೆಟ್ಟು, ನಿಮ್ಮ ಊರಲ್ಲೊಂದು ಕೋಣೆ, ಅಷ್ಟೇ ಅಂದುಕೊಳ್ಳಬೇಡಿ. ಬ್ರಿಟನ್ನಿನ ವೀಸಾಕ್ಕೆ ಬೆರಳಚ್ಚು ಬೇಕು. ಬೆರಳಚ್ಚು ಕೊಡುವ ಗಾಜಾದ ಕೇಂದ್ರ 2023ರ ಅಕ್ಟೋಬರ್‌ನಿಂದ ಮುಚ್ಚಿತ್ತು. ಸ್ಕಾಲರ್‌ಶಿಪ್ ಪತ್ರ ಕೈಯಲ್ಲಿ ಹಿಡಿದುಕೊಂಡೇ ಎಷ್ಟೋ ವಿದ್ಯಾರ್ಥಿಗಳು ಟೆಂಟಿನಲ್ಲಿ ಉಳಿದರು. 2025ರ ಆಗಸ್ಟ್‌ನಲ್ಲಿ ಅಮೆರಿಕ ಗಾಜಾದವರಿಗೆ ಸಂದರ್ಶಕ ವೀಸಾ ನಿಲ್ಲಿಸಿತು. ಹಾಗಾಗಿ ಇದ್ದ ಜಾಗದಿಂದಲೇ ಕೆಲಸ ಮಾಡುವ ಅವಕಾಶ ನಿಮ್ಮ ನಿಯಮದಲ್ಲಿ ಇರಲೇಬೇಕು. ಬರಲಾಗದವರಿಗೆ ಗ್ರಂಥಾಲಯದ ಲಾಗಿನ್ ಕೊಡಿ. ಹಣ ಹೇಗೆ ತಲುಪುತ್ತದೆ ಅಂತ ಅವರನ್ನೇ ಕೇಳಿ. ಯುದ್ಧದ ದಿನಗಳಲ್ಲಿ ಗಾಜಾದಲ್ಲಿ ಖಾತೆಯ ದುಡ್ಡನ್ನು ನಗದು ಮಾಡಿಕೊಳ್ಳಲು ದಲ್ಲಾಳಿಗಳಿಗೆ ದೊಡ್ಡ ಪಾಲು ಬಿಡಬೇಕಿತ್ತು. ಬರುವವರಾದರೆ ಹೆಂಡತಿ, ಗಂಡ, ಮಕ್ಕಳಿಗೂ ವೀಸಾ ಬೇಕು. ಮಕ್ಕಳನ್ನು ಬಿಟ್ಟು ಬಂದು ಮಕ್ಕಳ ಹಕ್ಕಿನ ಬಗ್ಗೆ ಬರೆ ಅಂದರೆ ಅದು ಹಿಂಸೆ ಅಲ್ವಾ?

ಇನ್ನೊಂದು. ಮಾಹಿತಿ ತಂದುಕೊಡುವ ಸಹಾಯಕರ ಹಾಗೆ ಅವರನ್ನು ದುಡಿಸಿಕೊಳ್ಳಬಾರದು. ಪ್ರಶ್ನೆ ಅವರದಾಗಿರಲಿ, ಲೇಖನದ ಮೇಲೆ ಮೊದಲ ಹೆಸರೂ ಅವರದೇ ಇರಲಿ.

ಅಪಾಯದಲ್ಲಿರುವ ವಿದ್ವಾಂಸರಿಗೆ ನೆರವಾಗುವ ಬ್ರಿಟನ್ನಿನ ಕಾರಾ ಸಂಸ್ಥೆಯನ್ನು ತಪ್ಪದೆ ಸಂಪರ್ಕಿಸು. ನಾಜಿಗಳು ಕೆಲಸದಿಂದ ತೆಗೆದ ವಿದ್ವಾಂಸರಿಗೆಂದು 1933ರಲ್ಲಿ ಬೇರೆ ಹೆಸರಿನಲ್ಲಿ ಶುರುವಾದ ಸಂಸ್ಥೆ ಅದು. ಆ ಕಾಲದ ಒಂದು ಕಥೆ ನಮ್ಮ ಬೆಂಗಳೂರಿಗೂ ಸೇರಿದ್ದು. ಜರ್ಮನಿಯ ಗಟ್ಟಿಂಗನ್‌ನಲ್ಲಿ ಕೆಲಸ ಕಳೆದುಕೊಂಡ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ 1935ರಲ್ಲಿ ಸಿ.ವಿ. ರಾಮನ್ ಕರೆದರೆಂದು ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದಿದ್ದರು. ಕಾಯಂ ಹುದ್ದೆ ಕೊಡಿಸಲು ರಾಮನ್ ಹೋರಾಡಿದರು, ಕೆಲವರು ವಿರೋಧಿಸಿದರು, ಸಿಗಲಿಲ್ಲ. ಬಾರ್ನ್ 1936ರಲ್ಲಿ ಎಡಿನ್‌ಬರೊಗೆ ಹೋದರು. 1954ರಲ್ಲಿ ನೊಬೆಲ್ ಬಂತು. ಅಂದು ವಿರೋಧಿಸಿದವರ ಸಾಲಿನಲ್ಲಿ ನಿಮ್ಮ ಸಮಿತಿ ನಿಲ್ಲಬಾರದು.

ಮಕ್ಕಳನ್ನು ಮಾತಾಡಿಸುವ ಮುಂಚೆ ನಾವು ಇಲ್ಲಿ ಬಳಸುವ ಒಪ್ಪಿಗೆ ಪತ್ರದ ನಮೂನೆ ಕಳಿಸುತ್ತೇನೆ. ಹೆಸರು ಮರೆಮಾಚುವುದು, ಕಡತ ಭದ್ರವಾಗಿಡುವುದು ಅಲ್ಲಿ ಇನ್ನೂ ಜಾಸ್ತಿ ಬಿಗಿಯಾಗಬೇಕು, ತಿದ್ದಿಕೋ. ಸಭೆ ಮುಗಿದ ದಿನವೇ ಫೋನ್ ಮಾಡು, ರಾತ್ರಿ ಎಷ್ಟು ಹೊತ್ತಾದರೂ ಸರಿ.

ನಿನ್ನ ಗೆಳೆಯ