1933ಕ್ಕೂ ಹಿಂದಿನ ಮುಂಬಯಿ ಕ್ರಿಕೆಟ್

ಮಾನ್ಯ ಸಂಪಾದಕರೇ,

ಮುಂಬಯಿ ಕ್ರಿಕೆಟ್‌ನ ಕಥೆ ಹೇಳುವವರು ಬಹುಪಾಲು 1933ರಲ್ಲಿ ಬಾಂಬೆ ಜಿಮ್ಖಾನಾ ಎಂಬ ಕ್ರೀಡಾ ಕ್ಲಬ್ಬಿನ ಮೈದಾನದಲ್ಲಿ ನಡೆದ ಟೆಸ್ಟ್ ಪಂದ್ಯದಿಂದಲೇ ಆರಂಭಿಸುತ್ತಾರೆ. ಅದಕ್ಕೂ 85 ವರ್ಷ ಮೊದಲು, 1848ರಲ್ಲಿ, ಪಾರ್ಸಿ ತರುಣರು ಇಲ್ಲಿ ಓರಿಯಂಟಲ್ ಕ್ರಿಕೆಟ್ ಕ್ಲಬ್ ಕಟ್ಟಿದ್ದರು. ಎಸ್ಪ್ಲನೇಡ್ ಬಯಲಿನಲ್ಲಿ ಬ್ರಿಟಿಷ್ ಸೈನಿಕರ ಆಟ ನೋಡಿ ಕಲಿತ ಪಾರ್ಸಿ ಹುಡುಗರು ಟೋಪಿಯನ್ನೇ ವಿಕೆಟ್ಟಾಗಿ ಇಟ್ಟು, ಕೊಡೆಯನ್ನೇ ಬ್ಯಾಟಾಗಿ ಹಿಡಿದು, ಹಳೆಯ ಚಿಂದಿ ತುಂಬಿ ಹೊಲಿಸಿದ ಚೆಂಡಿನಲ್ಲಿ ಆಡುತ್ತಿದ್ದ ಸಂಗತಿಯನ್ನು ಪಾರ್ಸಿ ಕ್ರಿಕೆಟ್ಟಿನ ಚರಿತ್ರೆಕಾರ ಶಾಪೂರ್ಜಿ ಸೊರಾಬ್ಜಿಯವರು 1897ರಲ್ಲಿ ಬರೆದಿಟ್ಟಿದ್ದಾರೆ. ಓರಿಯಂಟಲ್ ಬಹುಕಾಲ ಬಾಳಲಿಲ್ಲ. 1850ರಲ್ಲಿ ಝೊರಾಸ್ಟ್ರಿಯನ್ ಕ್ಲಬ್ ಹುಟ್ಟಿತು. 1866ರಲ್ಲಿ ಹಿಂದೂಗಳ ಬಾಂಬೆ ಯೂನಿಯನ್ ಕ್ಲಬ್ ಬಂತು.

ಈ ಹವ್ಯಾಸಿ ಕ್ಲಬ್‌ಗಳಿಗೆ ಎಲ್ಲಕ್ಕಿಂತ ದೊಡ್ಡ ಕೊರತೆಯಾಗಿದ್ದದ್ದು ಮೈದಾನ. ಬಾಂಬೆ ಜಿಮ್ಖಾನಾದ ಬಿಳಿಯ ಸದಸ್ಯರು ತಮ್ಮ ಕ್ರಿಕೆಟ್ಟಿಗೆ ಅಚ್ಚುಕಟ್ಟಾದ ಅಂಗಣವನ್ನು ಕಾಯ್ದಿಟ್ಟುಕೊಂಡು, ಪೋಲೋ ಆಡಲು ಮಾತ್ರ ಭಾರತೀಯರು ಆಡುತ್ತಿದ್ದ ಬಯಲಿಗೆ ಕುದುರೆಗಳನ್ನು ಇಳಿಸುತ್ತಿದ್ದರು. ಗೊರಸುಗಳಿಂದ ಹದಗೆಟ್ಟ ಆ ನೆಲದಲ್ಲಿ ಪುಟಿದ ಚೆಂಡು ಎತ್ತ ಹಾರೀತೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಇದನ್ನು ಸಹಿಸದೆ 1881ರಲ್ಲಿ ಪಾರ್ಸಿ ಮತ್ತು ಹಿಂದೂ ಆಟಗಾರರು ಒಟ್ಟಾಗಿ ಗವರ್ನರರಿಗೆ ಮನವಿ ಸಲ್ಲಿಸಿದರು. ಮುಂದೆ ಮರೀನ್ ಲೈನ್ಸ್‌ನ ಸಮುದ್ರ ದಂಡೆಯಲ್ಲಿ ಪಾರ್ಸಿ, ಹಿಂದೂ, ಮುಸ್ಲಿಂ ಜಿಮ್ಖಾನಾಗಳಿಗೆ ಜಾಗ ದೊರೆತದ್ದರ ಹಿಂದೆ ಈ ಜನರ ಹಟವಿತ್ತು ಎಂದೇ ನನ್ನ ನಂಬಿಕೆ. ಇತಿಹಾಸ ಬರೆಯುವಾಗ ಈ ಮನವಿಗೆ ಒಂದು ಇಡೀ ಅಧ್ಯಾಯವೇ ಸಲ್ಲಬೇಕು.

ಕನ್ನಡಿಗರಾದ ನಮಗೆ ಈ ಕಥೆಯಲ್ಲಿ ಇನ್ನೂ ಹತ್ತಿರದ ಎಳೆಯೊಂದಿದೆ. 1876ರಲ್ಲಿ ಧಾರವಾಡದಲ್ಲಿ ಹುಟ್ಟಿದ ಪಾಲವಣಕರ ಬಾಳೂ ಅವರು ಪುಣೆಯಲ್ಲಿ ಮೈದಾನದ ಕೆಲಸಗಾರನಾಗಿದ್ದುಕೊಂಡೇ ಬೌಲಿಂಗ್ ಪಳಗಿಸಿಕೊಂಡು, ಮುಂಬಯಿಗೆ ಬಂದು ಹಿಂದೂ ತಂಡದ ಆಧಾರವಾದರು. ಭಾರತ ತಂಡದ 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಪಡೆದರು. ದಲಿತರೆಂಬ ಕಾರಣಕ್ಕೆ ಜತೆಯಲ್ಲೇ ಆಡುವವರು ಅವರಿಗೆ ಪೆವಿಲಿಯನ್ನಿನ ಹೊರಗೆ ಬೇರೆಯಾಗಿ ಚಹಾ ಕೊಡುತ್ತಿದ್ದ ಕಾಲವದು. ಈ ಮಾತನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಮುಂಬಯಿಯ ಕನ್ನಡ ಬಳಗಗಳಲ್ಲಿಯೂ ಭಾನುವಾರದ ಕ್ರಿಕೆಟ್ ತಂಡಗಳನ್ನು ಕಟ್ಟಿ ಬೆಳೆಸಿದ ಹಿರಿಯರಿದ್ದಾರೆ. ಅವರ ಮನೆಗಳ ಅಟ್ಟದಲ್ಲಿರುವ ಸ್ಕೋರ್ ಪುಸ್ತಕಗಳು, ತಂಡದ ಭಾವಚಿತ್ರಗಳು, ವರ್ಗಣಿಯ ಲೆಕ್ಕದ ಹಾಳೆಗಳು ಗೆದ್ದಲಿನ ಪಾಲಾಗುವ ಮುನ್ನ ಅವುಗಳನ್ನು ಕಲೆಹಾಕಲು ತಮ್ಮ ಪತ್ರಿಕೆ ಓದುಗರಿಗೆ ಕರೆ ಕೊಡಬೇಕೆಂದೂ, ಬಂದ ನೆನಪುಗಳಿಗೆ ವಾರಕ್ಕೊಮ್ಮೆ ಅರ್ಧ ಪುಟವನ್ನಾದರೂ ಮೀಸಲಿಡಬೇಕೆಂದೂ ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಓರ್ವ ಓದುಗ, ಮಾಟುಂಗ, ಮುಂಬಯಿ