ಕ್ವೇಕರ್ ವರ್ತಕರು: ಸುಂಕದ ಲೆಕ್ಕ ಬಿಟ್ಟುಹೋಗಿದೆ

ಮಾನ್ಯ ಸಂಪಾದಕರೇ,

ಎರಡು ದೇಶಗಳ ನಡುವಿನ ಯುದ್ಧ ಮುಗಿದ ಮೇಲೆ ಅಮೆರಿಕ–ಇಂಗ್ಲೆಂಡ್ ವ್ಯಾಪಾರವನ್ನು ಕ್ವೇಕರ್ ಎಂಬ ಕ್ರೈಸ್ತ ಪಂಥದ ವರ್ತಕರು ಕೊಟ್ಟ ಮಾತಿನ ಬಲದಿಂದಲೇ ಮತ್ತೆ ಕಟ್ಟಿದರು ಎಂದು ಭಾನುವಾರದ ಪುರವಣಿಯ ಲೇಖನ ಹೇಳುತ್ತದೆ. ಓದಲು ಸೊಗಸಾಗಿದೆ. ಆದರೆ ಅದೇ ಪಂಥದವರು, ಅದೇ ಮಾತಿನ ಬಲ ಇಟ್ಟುಕೊಂಡೇ 1783ರಲ್ಲಿ ಸೋತರು, 1815ರ ನಂತರ ಗೆದ್ದರು. ಇದನ್ನು ಲೇಖನ ಮುಟ್ಟುವುದೇ ಇಲ್ಲ.

ಮೊದಲನೆಯದು ಅಮೆರಿಕದ ನಾಂಟಕೆಟ್ ದ್ವೀಪದ ಕ್ವೇಕರ್ ಎಣ್ಣೆ ವರ್ತಕ ವಿಲಿಯಂ ರಾಚ್‌ನ ಕಥೆ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಅವನು ಯಾವ ಪಕ್ಷವನ್ನೂ ಸೇರಲಿಲ್ಲ. 1783ರ ಫೆಬ್ರವರಿಯಲ್ಲಿ ಅವನ ‘ಬೆಡ್‌ಫರ್ಡ್’ ಹಡಗು ತಿಮಿಂಗಿಲದ ಎಣ್ಣೆ ಹೊತ್ತು ಲಂಡನ್ ಮುಟ್ಟಿತು. ಥೇಮ್ಸ್ ನದಿಯಲ್ಲಿ ಅಮೆರಿಕದ ಹೊಸ ಬಾವುಟ ಹಾರಿದ್ದು ಅದೇ ಮೊದಲು ಎನ್ನುತ್ತಾರೆ. ಗಿರಾಕಿಗಳು ಹಳಬರೇ, ಬೀದಿದೀಪಕ್ಕೆ ಎಣ್ಣೆಯೂ ಬೇಕಿತ್ತು. ಆದರೆ ಬ್ರಿಟಿಷ್ ಸರ್ಕಾರ ತನ್ನ ಬೇಟೆ ಹಡಗುಗಳನ್ನು ಕಾಪಾಡಲು ವಿದೇಶಿ ಎಣ್ಣೆಯ ಮೇಲೆ ಟನ್ನಿಗೆ 18 ಪೌಂಡಿಗೂ ಮೀರಿದ ಸುಂಕ ಹೇರಿತು. ಅದನ್ನು ಕಟ್ಟಿ ಮಾರಿದರೆ ಅಸಲೂ ಗಿಟ್ಟದು. 1785ರಲ್ಲಿ ರಾಚ್ ತಾನೇ ಲಂಡನ್ನಿಗೆ ಹೋಗಿ ಮಾತಾಡಿದ, ಕೆಲಸವಾಗಲಿಲ್ಲ. ಕೊನೆಗೆ ಫ್ರಾನ್ಸಿನ ಡಂಕರ್ಕ್‌ನಿಂದ ವ್ಯವಹಾರ ನಡೆಸಬೇಕಾಯಿತು.

ಅಮೆರಿಕ–ಬ್ರಿಟನ್ ನಡುವಿನ 1812ರ ಯುದ್ಧದ ನಂತರ ಹಾಗಾಗಲಿಲ್ಲ. 1815ರ ಜುಲೈ ಒಪ್ಪಂದದಲ್ಲಿ ಎರಡೂ ದೇಶ ಪರಸ್ಪರರ ಹಡಗುಗಳಿಗೆ ನೇರ ವ್ಯಾಪಾರದಲ್ಲಿ ಒಂದೇ ಸುಂಕ ಎಂದು ಒಪ್ಪಿದವು. ನ್ಯೂಯಾರ್ಕಿನ ಬ್ಲ್ಯಾಕ್ ಬಾಲ್ ಲೈನ್ ಎಂಬ ಹಡಗು ಸಂಸ್ಥೆ ನಿಂತದ್ದು ಈ ಒಪ್ಪಂದದ ನೆಲದ ಮೇಲೆ. ಐಸಾಕ್ ರೈಟ್ ಮತ್ತು ಅವನ ಮಗ ವಿಲಿಯಂ, ಫ್ರಾನ್ಸಿಸ್ ಥಾಂಪ್ಸನ್, ಅವನ ಅಣ್ಣತಮ್ಮಂದಿರ ಕಡೆಯ ಹುಡುಗ ಜೆರೆಮಾಯ, ಜೊತೆಗೆ ಬೆಂಜಮಿನ್ ಮಾರ್ಷಲ್ ಪಾಲುದಾರರು, ಹೆಚ್ಚಿನವರು ಕ್ವೇಕರರು. ಲಿವರ್‌ಪೂಲಿನಲ್ಲಿ ಅವರ ಏಜೆಂಟರಾದ ಕ್ರಾಪರ್, ಬೆನ್ಸನ್ ಸಂಸ್ಥೆಯ ಜೇಮ್ಸ್ ಕ್ರಾಪರ್ ಕೂಡ ಕ್ವೇಕರನೇ.

ಅಲ್ಲಿಯವರೆಗೆ ಹಡಗು ತುಂಬಿದ ಮೇಲೆಯೇ ಹೊರಡುತ್ತಿತ್ತು. ಜಾಹೀರಾತಿನ ದಿನಾಂಕ ವಾರಗಟ್ಟಲೆ ಮುಂದೆ ಹೋಗುತ್ತಿತ್ತು. ಇವರು ನ್ಯೂಯಾರ್ಕಿನಿಂದ ಪ್ರತಿ ತಿಂಗಳ 5ಕ್ಕೆ, ಲಿವರ್‌ಪೂಲಿನಿಂದ 1ಕ್ಕೆ, ತುಂಬಲಿ ಬಿಡಲಿ ಹೊರಡುತ್ತೇವೆ ಎಂದರು. 1818ರ ಜನವರಿ 5ರಂದು ಹಿಮ ಸುರಿಯುತ್ತಿದ್ದರೂ ‘ಜೇಮ್ಸ್ ಮನ್ರೋ’ ಎಂಟೇ ಪ್ರಯಾಣಿಕರೊಂದಿಗೆ ಹೊರಟಿತು. ಲೆಕ್ಕ ಸರಳ: ನಾಲ್ಕು ಹಡಗು, ಒಂದೊಂದಕ್ಕೆ ವರ್ಷಕ್ಕೆ ಮೂರು ಸುತ್ತು, ಒಟ್ಟು ಹನ್ನೆರಡು ತಿಂಗಳಿಗೆ ಹನ್ನೆರಡು ಯಾನ. ಪೂರ್ವಕ್ಕೆ ಸರಾಸರಿ 24 ದಿನ. ಪಶ್ಚಿಮದ ಗಾಳಿಗೂ ಗಲ್ಫ್ ಪ್ರವಾಹಕ್ಕೂ ಎದುರಾಗಿ ಮರಳಲು 40ರ ಆಸುಪಾಸು. ಉಳಿದದ್ದು ಇಳಿಸು, ಏರಿಸು, ರಿಪೇರಿ. ಅರೆಖಾಲಿ ಹಡಗಿನ ನಷ್ಟ ತಡೆದುಕೊಳ್ಳಲು ಪಾಲುದಾರರಿಗೆ ಸ್ವಂತ ಸರಕೇ ಇತ್ತು: ಥಾಂಪ್ಸನ್ನರದು ಯಾರ್ಕ್‌ಶೈರಿನ ಉಣ್ಣೆಬಟ್ಟೆ, ಮಾರ್ಷಲ್‌ನದು ಮ್ಯಾಂಚೆಸ್ಟರ್ ಬಟ್ಟೆ ಮತ್ತು ಜಾರ್ಜಿಯಾದ ಹತ್ತಿ. ಸ್ವಂತ ಸರಕಿಲ್ಲದವನು ಈ ವೇಳಾಪಟ್ಟಿಯನ್ನು ಆರು ತಿಂಗಳೂ ನಡೆಸಲಾರ.

ಹಣ ಓಡಾಡಿದ್ದು ಹುಂಡಿಯಲ್ಲಿ, ಅಂದರೆ ಇಂತಿಷ್ಟು ದಿನಕ್ಕೆ ಹಣ ಕೊಡು ಎಂದು ಬರೆದ ಪತ್ರದಲ್ಲಿ. 900 ಪೌಂಡ್ ಅಂದಾಜಿನ ಹತ್ತಿ ಕಳಿಸಿದವನು ಲಿವರ್‌ಪೂಲಿನ ಅಡತಿದಾರನ ಮೇಲೆ ಮೂರನೇ ಎರಡು ಭಾಗಕ್ಕೆ, ಅಂದರೆ 600 ಪೌಂಡಿಗೆ, ತೋರಿಸಿದ 60 ದಿನಕ್ಕೆ ಸಲ್ಲುವ ಹುಂಡಿ ಬರೆಯುತ್ತಾನೆ ಎನ್ನಿ. ಇಂಗ್ಲೆಂಡಿಗೆ ಬಟ್ಟೆಯ ಬಾಕಿ ಕಳಿಸಬೇಕಾದ ನ್ಯೂಯಾರ್ಕಿನ ವರ್ತಕ ಅದನ್ನು ಕೊಳ್ಳುತ್ತಾನೆ. ಹುಂಡಿಗೆ ಮೂರು ಪ್ರತಿ, ಬೇರೆ ಬೇರೆ ಹಡಗಿನಲ್ಲಿ ರವಾನೆ. ಒಂದಕ್ಕೆ ಹಣ ಸಂದರೆ ಉಳಿದೆರಡು ರದ್ದು. ಕೆಡುವುದು ಹತ್ತಿಯ ದರ ಕುಸಿದಾಗ. 550ಕ್ಕೆ ಮಾರಾಟವಾದರೆ ಹುಂಡಿಯ 600ಕ್ಕೆ ಕಡಿಮೆಬಿದ್ದ 50 ಪೌಂಡ್, ಅದರ ಮೇಲೆ ಹಡಗಿನ ಬಾಡಿಗೆ, ಕಮಿಷನ್ ಕಳಿಸಿದವನ ತಲೆಗೆ. ಅಡತಿದಾರ ಒಪ್ಪಿ ಸಹಿ ಹಾಕದಿದ್ದರೆ ಹುಂಡಿ ದಂಡದೊಂದಿಗೆ ವಾಪಸು. 1825ರಲ್ಲಿ ಏರಿ ಬಿದ್ದ ಹತ್ತಿ ದರದ ಪೆಟ್ಟಿನಿಂದ ದೊಡ್ಡ ರಫ್ತುದಾರ ಜೆರೆಮಾಯ ಥಾಂಪ್ಸನ್ ಚೇತರಿಸಿಕೊಳ್ಳಲೇ ಇಲ್ಲ. ಆ ದಶಕ ಮುಗಿಯುವ ಮೊದಲೇ ದಿವಾಳಿ.

ಪಂಥದ ಪಾತ್ರ ಇಲ್ಲವೆನ್ನುತ್ತಿಲ್ಲ. ಊರು ಬಿಟ್ಟವನಿಗೆ ಹಳೆಯ ಊರಿನ ಕ್ವೇಕರ್ ಸಭೆ ಪರಿಚಯ ಪತ್ರ ಕೊಡುತ್ತಿತ್ತು. ಸಾಲ ತೀರಿಸದವನ ಲೆಕ್ಕವನ್ನು ಮಾಸಿಕ ಸಭೆ ವಿಚಾರಿಸಿ ಹೊರಗೂ ಹಾಕುತ್ತಿತ್ತು. ಯುದ್ಧದಲ್ಲಿ ಶತ್ರುವಿನಿಂದ ಕಿತ್ತ ಸರಕು ಕೊಳ್ಳಬಾರದೆಂಬ ನಿಯಮವೂ ಇತ್ತು. ಹಾಗಾಗಿ ಅಪರಿಚಿತನಿಗೆ ಸಾಲ ಕೊಡುವ ಮುನ್ನ ವಿಚಾರಿಸಲು ಒಂದು ಜಾಗವಿತ್ತು, ಅಷ್ಟೇ.

ಕ್ರಾಪರ್‌ನನ್ನು ಲೇಖನ ಗುಲಾಮಗಿರಿಯ ವಿರೋಧಿಯಾಗಿ ಮಾತ್ರ ತೋರಿಸಿದೆ. ನಿಜ, ಆದರೆ ಅವನ ಸಂಸ್ಥೆ ಮಾರುತ್ತಿದ್ದ ಅಮೆರಿಕದ ಹತ್ತಿ ಗುಲಾಮರು ಬೆಳೆದದ್ದು. ವೆಸ್ಟ್ ಇಂಡೀಸ್ ಸಕ್ಕರೆ ಬಿಟ್ಟು ಭಾರತದ ಸಕ್ಕರೆ ಕೊಳ್ಳಿ, ಅದರ ಮೇಲಿನ ಹೆಚ್ಚುವರಿ ಸುಂಕ ತೆಗೆಯಿರಿ ಎಂದು ಅವನು 1823ರಲ್ಲಿ ಪತ್ರಿಕೆಗಳಲ್ಲಿ ವಾದಿಸಿದಾಗ, ಮುಂದೆ ಪ್ರಧಾನಿಯಾದ ಗ್ಲಾಡ್‌ಸ್ಟನ್‌ನ ತಂದೆ ಜಾನ್ ಎತ್ತಿ ಆಡಿದ್ದು ಈ ಹತ್ತಿಯ ಮಾತನ್ನೇ; ಭಾರತದ ಸಕ್ಕರೆಯಲ್ಲಿ ಕ್ರಾಪರ್‌ಗೆ ಲಾಭವಿದೆ ಎಂದೂ ಚುಚ್ಚಿದ. ಜಾನ್‌ಗೇ ದಕ್ಷಿಣ ಅಮೆರಿಕದ ಡೆಮರಾರದಲ್ಲಿ ಗುಲಾಮರ ತೋಟಗಳಿದ್ದವು, ಅದು ಬೇರೆ ಮಾತು. ಬಂಗಾಳದ ಸಕ್ಕರೆಗೆ ಸಮಾನ ಸುಂಕ ಸಿಕ್ಕಿದ್ದು 1836ರಲ್ಲಿ.

— ವಾಣಿಜ್ಯ ಇತಿಹಾಸದ ಇಬ್ಬರು ಅಧ್ಯಾಪಕರು, ಧಾರವಾಡ