ಬೋನಿಗೆ ದುಡ್ಡಿದೆ, ಪೆಟ್ರೋಲಿಗೆ 'ಹೆಡ್' ಇಲ್ಲವಂತೆ

ಸಂಪಾದಕರೇ,

ತುಮಕೂರಿನ ಬೆಳಗುಂಬ ರಸ್ತೆಯಲ್ಲಿ ಚಿರತೆ ಕಾಣಿಸಿಕೊಂಡಿದೆ ಎಂಬ ಸುದ್ದಿಯನ್ನು ನಿನ್ನೆ ನಿಮ್ಮ ಪತ್ರಿಕೆಯಲ್ಲಿ ಓದಿದೆ. ಮೈ ಉರಿಯಿತು. 'ಜನ ಆತಂಕ ಪಡಬೇಕಿಲ್ಲ, ನಿಗಾ ಇಡಲಾಗಿದೆ' ಎಂದ ಅಧಿಕಾರಿ ನಮ್ಮ ಬೀದಿಗೆ ಕಾಲಿಟ್ಟಿದ್ದನ್ನು ಯಾರೂ ನೋಡಿಲ್ಲ. ನಿಗಾ ಇಟ್ಟವರು ನಮ್ಮ ಬಡಾವಣೆಯ ನಾಲ್ಕು ಹುಡುಗರು. ಅವರ ಬಗ್ಗೆ ಸುದ್ದಿಯಲ್ಲಿ ಇರುವುದು ಒಂದೇ ಪದ, 'ಸ್ಥಳೀಯರು'.

ಅಂದಹಾಗೆ ಅದು ಚಿರತೆಯೇ ಅಲ್ಲ. ಪುನುಗು ಬೆಕ್ಕು.

ಮಂಗಳವಾರ ರಾತ್ರಿ ಯಾರದೋ ಮನೆಯ ಸಿಸಿಟಿವಿ ವಿಡಿಯೊ ವಾಟ್ಸಾಪ್‌ಗೆ ಬಂತು. ಮೈಮೇಲೆ ಚುಕ್ಕೆ, ಉದ್ದ ಬಾಲ, ಅಷ್ಟೇ ಕಾಣುವುದು. ನಾನು ವಸಂತನರಸಾಪುರದಲ್ಲಿ ಸೆಕೆಂಡ್ ಶಿಫ್ಟ್ ಮುಗಿಸಿ ಸ್ಕೂಟರ್ ಹತ್ತುವ ಹೊತ್ತಿಗೆ ಮನೆಯಿಂದ ಹನ್ನೊಂದು ಮಿಸ್ಡ್ ಕಾಲ್. ಬರಬೇಡಿ, ಅಲ್ಲೇ ಇರಿ ಅಂದಳು ಹೆಂಡತಿ. ಸ್ನೇಹಿತನ ರೂಮಿನಲ್ಲಿ ಚಾಪೆ ಮೇಲೆ ಮಲಗಿದೆ, ಸೊಳ್ಳೆ ಕಾಟಕ್ಕೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಹಾಲಿನವನು ಬರಲಿಲ್ಲ, ಮಗಳ ಸ್ಕೂಲ್ ಆಟೊದವನು ನಾನು ಆ ಕಡೆ ಬರಲ್ಲ ಅಂದ, ಅಮ್ಮನ ಬಿಪಿ ಮಾತ್ರೆ ಮುಗಿದಿತ್ತು, ತರಲು ಹೊರಗೆ ಹೋಗುವವರು ಯಾರೂ ಇಲ್ಲ, ಹೆಂಡತಿ ಅರ್ಧ ದಿನದ ಸಂಬಳ ಕಳೆದುಕೊಂಡಳು. ಒಂದು ಬೆಕ್ಕಿಗೆ ಇಷ್ಟೆಲ್ಲಾ!

ಫೋನ್ ಮಾಡದೆ ಇರಲಿಲ್ಲ. ಒಂದು ಕಚೇರಿಯವರು ಇದು ನಮ್ಮ ವ್ಯಾಪ್ತಿಗೆ ಬರಲ್ಲ ಅಂದರು. ಇನ್ನೊಂದು ಕಚೇರಿಯವರು ವಿಡಿಯೊ ಕಳಿಸಿ ಅಂದರು, ಕಳಿಸಿದೆ. ಎರಡು ನೀಲಿ ಟಿಕ್ ಬಂತು, ಮತ್ತೇನೂ ಬರಲಿಲ್ಲ. ಮಾರನೇ ದಿನ ಮಧ್ಯಾಹ್ನ ಜೀಪಿನಲ್ಲಿ ಇಬ್ಬರು ಬೋನು ತಂದು ಇಳಿಸಿದರು. ಪಾಪ, ಅವರದ್ದೇನೂ ತಪ್ಪಿಲ್ಲ, ಹೇಳಿದ್ದನ್ನು ಮಾಡುವವರು. ಒಳಗೆ ಕಟ್ಟಲು ಕೋಳಿ ಯಾರಾದರೂ ಕೊಡ್ತೀರಾ ಅಂತ ನಮ್ಮನ್ನೇ ಕೇಳಿದರು.

ಅಷ್ಟರಲ್ಲಿ ಹುಡುಗರು ಕೆಲಸ ಮುಗಿಸಿದ್ದರು. ಖಾಲಿ ಸೈಟಿನ ಒದ್ದೆ ಮಣ್ಣಿನಲ್ಲಿ ಹೆಜ್ಜೆ ಸಿಕ್ಕಿತ್ತು. ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ ಇಟ್ಟು ಫೋಟೊ ತೆಗೆದರು. ಹೆಜ್ಜೆ ನಾಣ್ಯಕ್ಕಿಂತ ಒಂಚೂರು ದೊಡ್ಡದು, ಅಷ್ಟೇ. ಐದು ಬೆರಳು, ತುದಿಯಲ್ಲಿ ಉಗುರಿನ ಚುಕ್ಕೆ. 'ಅಂಕಲ್, ಚಿರತೆ ಹೆಜ್ಜೆಯಲ್ಲಿ ನಾಲ್ಕೇ ಬೆರಳು ಮೂಡೋದು, ಉಗುರು ಒಳಗೆ ಎಳ್ಕೊಂಡು ನಡೆಯುತ್ತೆ' ಅಂದ ಡಿಪ್ಲೊಮಾ ಓದುವ ಹುಡುಗ. ಐವತ್ತು ದಾಟಿದ ನನಗೆ ಇದು ಗೊತ್ತಿರಲಿಲ್ಲ. ಬೋನು ತರಿಸಿದವರಿಗೆ ಗೊತ್ತಿತ್ತೋ ಇಲ್ಲವೋ, ಕೇಳಲು ಅವರು ಬಂದರೆ ತಾನೇ?

ಈ ಹುಡುಗರು ಎರಡು ವರ್ಷದಿಂದ ಒಂದು ನೋಟ್‌ಬುಕ್ ಇಟ್ಟಿದ್ದಾರೆ. ನಾಮದ ಚಿಲುಮೆ ರಸ್ತೆಯಲ್ಲಿ ಗಾಡಿಗೆ ಸಿಕ್ಕಿ ಸತ್ತ ಹಾವು, ಮುಂಗುಸಿ, ಮನೆಗಳ ಹತ್ತಿರ ಬಂದ ನರಿ, ಎಲ್ಲಕ್ಕೂ ತಾರೀಖು, ಹೊತ್ತು, ಜಾಗ ಬರೆದಿದ್ದಾರೆ. ಟಾರ್ಚಿಗೆ ಕೆಂಪು ಹಾಳೆ ಸುತ್ತಿಕೊಂಡು ರಾತ್ರಿ ಬೇಲಿ ಸಾಲಿನಲ್ಲಿ ಕಾಡುಪಾಪ ಎಣಿಸುತ್ತಾರೆ. ಪೆಟ್ರೋಲು, ಸೆಲ್ಲು ಎಲ್ಲಾ ಅಪ್ಪಂದಿರ ಜೇಬಿನಿಂದ. ಹೋದ ವರ್ಷ ಎರಡು ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಎದುರಿಗೆ ಬಂದರೆ ತಾನೇ ಫೋಟೊ ತೆಗೆಯುವ ಕ್ಯಾಮೆರಾ) ಮತ್ತು ತಿಂಗಳಿಗಿಷ್ಟು ಪೆಟ್ರೋಲ್ ಖರ್ಚು ಕೊಡಿ ಎಂದು ಅರ್ಜಿ ಹಿಡಿದು ಹೋದರು. ಜೊತೆಗೆ ನಾನೂ ಹೋಗಿದ್ದೆ. 'ಇದಕ್ಕೆಲ್ಲ ಹೆಡ್ ಇಲ್ಲ', ಅಂದರೆ ಈ ಖರ್ಚು ತೋರಿಸಲು ಬಜೆಟ್‌ನಲ್ಲಿ ಲೆಕ್ಕದ ಶೀರ್ಷಿಕೆ ಇಲ್ಲ, ಎಂದು ಅಲ್ಲಿದ್ದವರು ಕಾಗದ ವಾಪಸ್ ತಳ್ಳಿದರು. ತಲೆಯೇ ಇಲ್ಲದ ಕಡೆ ಹೆಡ್ ಎಲ್ಲಿಂದ ಬರಬೇಕು ಬಿಡಿ.

ಹೆಡ್ ಇಲ್ಲವೆನ್ನುವುದೂ ಪೂರ್ತಿ ನಿಜವಲ್ಲ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಸ್ಥಳೀಯ ಜೀವವೈವಿಧ್ಯ ನಿಧಿ ಅಂತಲೂ ಅದರಲ್ಲೇ ಇದೆ. ನಮ್ಮೂರಿನ ಸಮಿತಿಯಲ್ಲಿ ಯಾರಿದ್ದಾರೆ, ಕೊನೆಯ ಸಲ ಯಾವಾಗ ಸೇರಿದ್ದರು, ಪತ್ರಿಕೆಯವರಾದ ನೀವಾದರೂ ಕೇಳಿ ಬರೆಯಿರಿ.

ಚಿರತೆ ನಿಜವಾಗಿಯೂ ಬರಲ್ಲ ಅಂತ ನಾನು ಹೇಳುತ್ತಿಲ್ಲ. ದೇವರಾಯನದುರ್ಗದ ಕಾಡು ಪಕ್ಕದಲ್ಲೇ ಇದೆ, ಊರು ಅದರ ಬುಡಕ್ಕೇ ಹೋಗುತ್ತಿದೆ. 2022ರ ಗಣತಿಯಂತೆ ರಾಜ್ಯದಲ್ಲಿ 1,879 ಚಿರತೆಗಳಿವೆ. ಚಿರತೆಯ ಮೈಮೇಲಿನ ಗುರುತು ನಮ್ಮ ಹೆಬ್ಬೆಟ್ಟಿನ ಹಾಗೆ, ಒಂದರದ್ದು ಇನ್ನೊಂದಕ್ಕೆ ಇರುವುದಿಲ್ಲ. ದಾರಿಯ ಎರಡೂ ಬದಿ ಕ್ಯಾಮೆರಾ ಕಟ್ಟಿದರೆ ಮೊನ್ನೆ ಬಂದದ್ದೇ ಇವತ್ತೂ ಬಂತಾ, ಹೊಸದಾ ಅಂತ ಹೇಳಬಹುದು. ಮುಂಬೈನಲ್ಲಿ 2011ರಿಂದ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಅರಣ್ಯ ಸಿಬ್ಬಂದಿ ಊರಿನ ಜನರನ್ನು ಜೊತೆಗೆ ಸೇರಿಸಿಕೊಂಡೇ ಚಿರತೆ ವಿಷಯ ನೋಡುತ್ತಿದ್ದಾರೆ. ಅಷ್ಟು ದೂರ ಯಾಕೆ, ನಮ್ಮದೇ ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಹುಣಸೆ ಮರದ ಮೇಲೆ ಕೊಕ್ಕರೆ ಗೂಡು ಉಳಿದಿದ್ದು ಊರವರು ಕಾದಿದ್ದಕ್ಕೆ. ಗೊತ್ತಿಲ್ಲದ ಚಿರತೆ ಗಾಬರಿಬಿದ್ದ ಜನರ ಮಧ್ಯೆ ಸಿಕ್ಕಿಕೊಂಡರೆ ಏನಾಗುತ್ತದೆ ಅನ್ನುವುದನ್ನು 2023ರ ನವೆಂಬರ್‌ನಲ್ಲಿ ಬೆಂಗಳೂರಿನ ಕೂಡ್ಲು ಗೇಟ್ ಹತ್ತಿರ ನೋಡಿದ್ದೇವೆ. ಹಿಡಿಯಲು ಹೋಗಿ ಅದು ಸತ್ತೇ ಹೋಯಿತು.

ಅಧಿಕಾರಿಗಳಿಗೆ ಹೇಳಿ ಏನು ಪ್ರಯೋಜನ? ನಮ್ಮ ಬೀದಿಯ ಕೊನೆಯ ಎರಡು ಕಂಬದ ದೀಪಕ್ಕೆ ನಾಲ್ಕು ಸಲ ದೂರು ಕೊಟ್ಟೆ. ನಾಲ್ಕೂ ಸಲ 'ನಿಮ್ಮ ದೂರು ಪರಿಹರಿಸಲಾಗಿದೆ' ಎಂದು ಮೆಸೇಜ್ ಬಂತು. ಕತ್ತಲೆಯಲ್ಲಿ ನಿಂತು ಮೊಬೈಲ್ ಬೆಳಕಿನಲ್ಲಿ ಆ ಮೆಸೇಜ್ ಓದಿದ್ದೇನೆ. ಪೈಪಿಗೆ ಅಂತ ಅಗೆದ ರಸ್ತೆಯನ್ನು ಮುಚ್ಚಿದ್ದಾರೆ, ಮತ್ತೆ ಅಗೆಯಲು. ಕಸದ ಗಾಡಿ ಮೂರು ದಿನಕ್ಕೊಮ್ಮೆ. ಆ ಕಸಕ್ಕೆ ನಾಯಿ ಬರುತ್ತದೆ, ನಾಯಿ ಹಿಡಿಯಲು ಚಿರತೆ ಬರುತ್ತದೆ. ಇದನ್ನು ಹೇಳಲು ಕ್ಯಾಮೆರಾವೂ ಬೇಡ.

ಹುಡುಗರಿಗೆ ದುಡ್ಡು ಕೊಡಿ. ಇಲ್ಲವಾದರೆ 'ನಿಗಾ ಇಡಲಾಗಿದೆ' ಅಂತ ಹೇಳುವುದನ್ನಾದರೂ ನಿಲ್ಲಿಸಿ. ಬೋನು ಇನ್ನೂ ನಮ್ಮ ಬೀದಿಯಲ್ಲೇ ಇದೆ, ಸ್ಕೂಟರ್ ತಿರುಗಿಸಲು ಜಾಗವಿಲ್ಲ. ಅದನ್ನೂ ತೆಗೆಸಿ. ದೀಪವನ್ನೂ ಹಾಕಿಸಿ.

- ಬೆಳಗುಂಬ ರಸ್ತೆಯ ನಿವಾಸಿ, ತುಮಕೂರು